ಬಳ್ಳಿ ಹೋತು, ತೋಟ ಹೋಜಿಲ್ಲೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಐವತ್ತು ದಾಟಿದ ಯಾವ ತೋಟಿಗರ ಜಗಲಿಯಲ್ಲಿ ಬೇಕಾದರೂ ಕೂತು ವೆನಿಲ್ಲಾದ ಸುದ್ದಿ ತೆಗೆದು ನೋಡಿ. ಮೊದಲಿಗೆ ಯಾರೂ ಮಾತಾಡುವುದಿಲ್ಲ. ಶುರುವಾಯಿತೆಂದರೆ ಕವಳದ ಬಟ್ಟಲು ಎರಡು ಸುತ್ತು ಬಂದರೂ ಮುಗಿಯುವುದಿಲ್ಲ. ಯಾರು ಎಷ್ಟು ಬಳ್ಳಿ ಹಾಕಿದ್ದರು, ಯಾರ ತೋಟದಲ್ಲಿ ರಾತ್ರಿ ಕೋಡು, ಅಂದರೆ ಬಳ್ಳಿಯ ಕಾಯಿ, ಕಳವಾಯಿತು, ಯಾರು ಆ ದುಡ್ಡಲ್ಲೇ ಮನೆಯ ಮುಂಭಾಗ ಕಟ್ಟಿಸಿದರು, ಯಾರ ಮನೆಯ ಬಂಗಾರ ಅಡವಿಗೆ ಹೋದದ್ದು ಮರಳಲೇ ಇಲ್ಲ. ಕೊನೆಯ ವಿಷಯ ಬಂದಾಗ ದನಿ ಇಳಿಯುತ್ತದೆ, ಹೆಸರು ಹೇಳುವುದಿಲ್ಲ. ಇಪ್ಪತ್ತು ವರ್ಷ ಕಳೆದರೂ ಹೇಳುವುದಿಲ್ಲ.

ಸಾಹಸ ಮಾಡಬೇಕು, ಸೋಲಿಗೆ ಹೆದರಬಾರದು, ಸೋಲೇ ಗೆಲುವಿನ ಮೆಟ್ಟಿಲು ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ನಾನು ಕುಮಟಾ ಕಡೆಯ ಕಾಲೇಜೊಂದರಲ್ಲಿ ವಾಣಿಜ್ಯ ಶಾಸ್ತ್ರ ಕಲಿಸುತ್ತೇನೆ. ಮಕ್ಕಳಿಗೆ ಸ್ಫೂರ್ತಿ ತುಂಬಲೆಂದು ಬರುವ ಅತಿಥಿಗಳು ಈ ಮಾತು ಹೇಳದೆ ವೇದಿಕೆ ಇಳಿಯುವುದಿಲ್ಲ. ಮಾತು ಸುಳ್ಳಲ್ಲ. ಆದರೆ ಅದನ್ನು ಕೇಳುವಾಗಲೆಲ್ಲ ನನಗೆ ತವರಿನ ವೆನಿಲ್ಲಾ ನೆನಪಾಗುತ್ತದೆ, ಮದುವೆಯಾಗಿ ಬಂದ ಊರಿನ ಸಿಗಡಿ ಹೊಂಡಗಳು ಕಣ್ಣೆದುರಿಗೆ ಬರುತ್ತವೆ. ಒಂದು ಘಟ್ಟದ ಮೇಲಿನದು, ಇನ್ನೊಂದು ಘಟ್ಟದ ಕೆಳಗಿನದು. ನಡುವೆ ದೇವಿಮನೆ ಘಟ್ಟ. ಎರಡೂ ಕಡೆ ಜನ ಸಾಹಸ ಮಾಡಿದರು, ಎರಡೂ ಕಡೆ ಸೋತರು. ಆದರೆ ಸೋಲು ಎಲ್ಲರಿಗೂ ಒಂದೇ ಥರ ಆಗಲಿಲ್ಲ, ಪಾಠವೂ ಎಲ್ಲರಿಗೂ ಸಿಗಲಿಲ್ಲ.

ವೆನಿಲ್ಲಾದ ಕತೆ ಶುರುವಾದದ್ದು ಹಿಂದೂ ಮಹಾಸಾಗರದ ಆಚೆ ದಂಡೆಯಲ್ಲಿ. ಜಗತ್ತಿನ ವೆನಿಲ್ಲಾದ ದೊಡ್ಡ ಪಾಲು ಮಡಗಾಸ್ಕರ್‌ನದು. 2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಆ ದ್ವೀಪದ ಈಶಾನ್ಯ ಭಾಗವನ್ನು, ಅಂದರೆ ವೆನಿಲ್ಲಾ ಬೆಳೆಯುವ ಸೀಮೆಯನ್ನೇ, ಬಡಿಯಿತು. ಬಳ್ಳಿ ಹೋಯಿತು, ದಾಸ್ತಾನು ಹೋಯಿತು, ದರ ಏರತೊಡಗಿತು. 2003ರ ಹೊತ್ತಿಗೆ ಹದ ಮಾಡಿ ಒಣಗಿಸಿದ ಕೋಡಿಗೆ ಹೊರದೇಶದ ಮಾರುಕಟ್ಟೆಯಲ್ಲಿ ಕಿಲೋಗೆ 500 ಡಾಲರ್ ಆಸುಪಾಸು. ನಮ್ಮಲ್ಲಿ ಹಸಿ ಕೋಡಿಗೇ ಸಾವಿರಗಟ್ಟಲೆ ರೂಪಾಯಿ. ಅದೇ ವರ್ಷಗಳಲ್ಲಿ ಅಡಿಕೆ ದರ ನೆಲ ಕಚ್ಚಿತ್ತು. ತೋಟದ ಖರ್ಚು ಹುಟ್ಟದೆ ಜನ ಕಂಗಾಲಾಗಿದ್ದಾಗ, ಅಡಿಕೆ ಮರದ ನೆರಳಿನಲ್ಲೇ ಬೆಳೆಯುವ ಒಂದು ಬಳ್ಳಿ ಬಂಗಾರದ ದರಕ್ಕೆ ಹೋಗುತ್ತದೆ ಎಂದರೆ ಯಾರು ಸುಮ್ಮನಿರುತ್ತಾರೆ? ಆಸೆಬುರುಕತನ ಎಂದು ಈಗ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ಕಷ್ಟ ಹುಟ್ಟಿಸಿದ ಧೈರ್ಯ.

ಅದರ ಕೆಲಸವೂ ಸಣ್ಣದಲ್ಲ. ವೆನಿಲ್ಲಾ ಮೆಕ್ಸಿಕೋ ಕಡೆಯ ಸೀತಾಳೆ ಜಾತಿಯ ಬಳ್ಳಿ. ಇಲ್ಲಿ ಅದರ ಹೂವಿಗೆ ಪರಾಗಸ್ಪರ್ಶ ಮಾಡುವ ಕೀಟ ಇಲ್ಲ, ಮನುಷ್ಯರೇ ಮಾಡಬೇಕು. ಹೂವು ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಬಾಡುತ್ತದೆ. ಒಂದು ಗೊಂಚಲಿನಲ್ಲಿ ದಿನಕ್ಕೊಂದೇ ಅರಳುವುದರಿಂದ ಬಿಡುವಿಲ್ಲದೆ ದಿನಾ ಹೋಗಬೇಕು. ಹೂವಿನೊಳಗಿನ ತೆಳು ಪೊರೆಯನ್ನು ಕಡ್ಡಿಯಿಂದ ಮೇಲೆತ್ತಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುವ ಈ ಉಪಾಯವನ್ನು 1841ರಲ್ಲಿ ರೀಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಅವನ ಬೆರಳಿನ ವಿದ್ಯೆಯಿಂದ ದೊಡ್ಡ ಉದ್ಯಮವೇ ಬೆಳೆಯಿತು. ಅವನು ಬಡವನಾಗಿಯೇ ಸತ್ತ. ನಮ್ಮ ಮನೆಯಲ್ಲಿ ಈ ಕೆಲಸ ಆಯಿಯದು, ಅಂದರೆ ಅಮ್ಮನದು. ಬೆಳಗಿನ ದೋಸೆಗೆ ಮುಂಚೆ ತೋಟಕ್ಕಿಳಿದು, ತೆಂಗಿನ ಗರಿಯ ಕಡ್ಡಿ ಹಿಡಿದು, ಹೂವಿನಿಂದ ಹೂವಿಗೆ ಹೋಗುತ್ತಿದ್ದಳು. ಕೋಡು ಬಲಿಯಲು ಒಂಬತ್ತು ತಿಂಗಳು. ಆಮೇಲೆ ಬಿಸಿನೀರಿಗೆ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲಿಗೆ ಹಾಕಿ, ನೆರಳಿನಲ್ಲಿ ತಿಂಗಳುಗಟ್ಟಲೆ ಆರಿಸಿದರೆ ಕಪ್ಪು ಬಣ್ಣ, ಆ ವಾಸನೆ.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. ದರ ವಿಪರೀತ ಏರಿದಾಗ ಐಸ್‌ಕ್ರೀಮು, ಬಿಸ್ಕಿಟಿನ ದೊಡ್ಡ ಕಂಪನಿಗಳು ಕೃತಕ ವೆನಿಲಿನ್‌ಗೆ ಹೊರಳಿದವು. ಮಡಗಾಸ್ಕರ್ ಚೇತರಿಸಿಕೊಂಡಿತು. ಬೇರೆ ಬೇರೆ ದೇಶಗಳಲ್ಲಿ ಹೊಸದಾಗಿ ನೆಟ್ಟ ಬಳ್ಳಿಗಳೆಲ್ಲ ಒಟ್ಟಿಗೇ ಫಸಲಿಗೆ ಬಂದವು. 2005ರ ಹೊತ್ತಿಗೆ ಅದೇ ಕೋಡು 50 ಡಾಲರ್ ಆಸುಪಾಸಿಗೆ ಬಂತು. ಇತ್ತ ಬಳ್ಳಿಯ ಬುಡಕ್ಕೆ ಕೊಳೆ ಹತ್ತಿ ಸಾಲು ಸಾಲು ಬಾಡಿದವು. ಹಸಿ ಕೋಡನ್ನು ಕೇಳುವವರೇ ಇಲ್ಲದ ದಿನ ಬಂತು.

ನಮ್ಮ ಮನೆಯ ಬಳ್ಳಿಯೂ ಹೋಯಿತು. ಸತ್ತ ಬಳ್ಳಿಯನ್ನು ಮರದಿಂದ ಬಿಡಿಸಿ ರಾಶಿ ಹಾಕಿ ಬಂದ ಸಂಜೆ ಅಪ್ಪಯ್ಯ ಕೈಕಾಲು ತೊಳೆದು ಜಗಲಿಯಲ್ಲಿ ಕೂತು ಹೇಳಿದ್ದು ಇಷ್ಟೇ: "ಬಳ್ಳಿ ಹೋತು, ತೋಟ ಹೋಜಿಲ್ಲೆ." ಬಳ್ಳಿ ಹೋಯಿತು, ತೋಟ ಹೋಗಿಲ್ಲ ಎಂದು. ಅದರಲ್ಲಿ ವೈರಾಗ್ಯವೇನೂ ಇರಲಿಲ್ಲ. ಅವನು ಲೆಕ್ಕ ಹೇಳುತ್ತಿದ್ದ. ಅಡಿಕೆ ಮರ ಕಡಿಯದೆ, ಸಾಲ ಮಾಡದೆ, ತೋಟದ ಒಂದು ಬದಿಗೆ ಮಾತ್ರ ಬಳ್ಳಿ ಹಬ್ಬಿಸಿದ್ದ. ಆದ್ದರಿಂದ ಹೋದದ್ದು ಬಳ್ಳಿ, ಮೂರು ನಾಲ್ಕು ವರ್ಷದ ಶ್ರಮ, ಆಯಿಯ ಬೆಳಗುಗಳು. ಅದೇ ಊರಿನಲ್ಲಿ ಅದೇ ಬಳ್ಳಿ, ಅದೇ ದರ, ಅದೇ ರೋಗ ಕಂಡ ಇನ್ನೊಂದು ಮನೆಯಲ್ಲಿ ಬಂಗಾರ ಅಡವಿಟ್ಟು, ನೆರಳು ಬಲೆ ಹಾಕಿಸಿ, ಗಂಟಿಗಿಷ್ಟು ಎಂದು ಕೊಟ್ಟು ಬಳ್ಳಿ ತರಿಸಿದ್ದರು. ಆ ಮನೆಯ ಯಜಮಾನರು ಬುದ್ಧಿಯಲ್ಲಾಗಲಿ ದುಡಿಮೆಯಲ್ಲಾಗಲಿ ಅಪ್ಪಯ್ಯನಿಗಿಂತ ಕಡಿಮೆಯವರಲ್ಲ. ನಿಜ ಹೇಳಬೇಕೆಂದರೆ ವೆನಿಲ್ಲಾ ವಿಷಯದಲ್ಲಿ ಅವರಿಗೇ ಹೆಚ್ಚು ತಿಳಿದಿತ್ತು. ಕೋಡು ಹದ ಮಾಡುವುದನ್ನು ಅಪ್ಪಯ್ಯ ಕಲಿತದ್ದು ಅವರ ಹತ್ತಿರ. ಆದರೆ ಸೋಲಿನ ಪಾಠ ಕಲಿತು ಮುಂದಿನ ಸಲ ಬಳಸುವ ಅವಕಾಶ ಅವರಿಗೆ ಉಳಿಯಲಿಲ್ಲ. ತೋಟದ ಅರ್ಧ ಮಾರಿ ಸಾಲ ತೀರಿಸಿದರು.

2017ರಲ್ಲಿ ಇನಾವೊ ಚಂಡಮಾರುತ ಮಡಗಾಸ್ಕರ್‌ಗೆ ಬಡಿದಾಗ, ಮೊದಲೇ ಏರುತ್ತಿದ್ದ ದರ ಮತ್ತೆ ಆ ಹಳೆಯ ಎತ್ತರಕ್ಕೆ ಹೋಯಿತು. ಕೆಲವು ವರ್ಷದಲ್ಲಿ ಮತ್ತೆ ಇಳಿಯಿತು. ನಾನು ಬಲ್ಲ ಮನೆಗಳಲ್ಲಿ ಆ ಎರಡನೆಯ ಏರಿಕೆಯ ಲಾಭ ಕಂಡವರು ಯಾರೆಂದರೆ, ನಾಲ್ಕಾರು ಬಳ್ಳಿಯನ್ನು ಬೇಲಿ ಬದಿಗೆ ಉಳಿಸಿಕೊಂಡು, ಹದ ಮಾಡುವ ವಿದ್ಯೆ ಮರೆಯದೆ ಇದ್ದವರು. ಅನುಭವಕ್ಕೆ ಬೆಲೆ ಬರಬೇಕಾದರೆ ಅನುಭವಿಸಿದ ಮನುಷ್ಯ ಆಟದಲ್ಲಿ ಉಳಿದಿರಬೇಕು. ಸ್ಫೂರ್ತಿಯ ಭಾಷಣಗಳಲ್ಲಿ ಈ ಸಂಗತಿ ಬರುವುದೇ ಇಲ್ಲ. ಅಲ್ಲಿ ಮಾತಾಡುವವರು ಉಳಿದವರು, ಗೆದ್ದವರು. ಎಲ್ಲ ಇಟ್ಟು ಎಲ್ಲ ಕಳೆದುಕೊಂಡವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ನನ್ನ ಮುಂದೆ ಬೆಂಚಿನಲ್ಲಿ ಕೂತ ಮಕ್ಕಳಲ್ಲಿ ಅಂಥ ಮನೆಗಳ ಮಕ್ಕಳೂ ಇದ್ದಾರೆ. ಚಪ್ಪಾಳೆ ತಟ್ಟುವಾಗ ಅವರ ಮುಖ ನಾನು ನೋಡಿದ್ದೇನೆ.

ಸಾಹಸ ಬೇಡ ಎನ್ನುವವಳಲ್ಲ ನಾನು. ನಮ್ಮ ಜಿಲ್ಲೆಯ ಬದುಕಿನಲ್ಲಿ ಸಾಹಸ ಮಾಡದೆ ಉಳಿಯುವ ದಾರಿಯೇ ಇಲ್ಲ. ಅಡಿಕೆಯನ್ನು ಸುರಕ್ಷಿತ ಬೆಳೆ ಎಂದುಕೊಳ್ಳುತ್ತೇವೆ. ಆದರೆ ಪ್ರತಿ ಮಳೆಗಾಲ ಕೊಳೆರೋಗದ ಎದುರು ಒಂದು ಪಂಥ. ಜೂನ್‌ನಿಂದ ಬಿಡದೆ ಮಳೆ ಹೊಯ್ದರೆ ಎಳೆ ಕಾಯಿ ಕೊಳೆತು ಮರದ ಬುಡಕ್ಕೆ ಸುರಿಯುತ್ತದೆ. ಹಿಂದೆ ಕರಡ ಎಂಬ ಹುಲ್ಲಿನ ಕೊಟ್ಟೆ ಕಟ್ಟಿ ಗೊನೆ ಮುಚ್ಚುತ್ತಿದ್ದರು. ಈಗಿನ ಮದ್ದು ಬೋರ್ಡೋ ದ್ರಾವಣ. ಅದೂ ಬಂದದ್ದು ದೂರದಿಂದ, ಒಂದು ಆಕಸ್ಮಿಕದಿಂದ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲಿ ಎಂದು ರೈತರು ದಾರಿ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಎರಚಿದ ಬಳ್ಳಿಗೆ ರೋಗ ಬರಲಿಲ್ಲ ಎಂಬುದನ್ನು ಗಮನಿಸಿ, ಪ್ರಯೋಗ ಮಾಡಿ, ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಕಟಿಸಿದರು. ಅದನ್ನು ಅಡಿಕೆಗೆ ಹೊಂದಿಸಿದ ಕೆಲಸ ಲೆಸ್ಲಿ ಕೋಲ್ಮನ್ ಅವರದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಈ ಕೆನಡಾದ ವಿಜ್ಞಾನಿ ಮಲೆನಾಡಿನ ತೋಟಗಳಲ್ಲಿ ಕೊಳೆರೋಗದ ಬೆನ್ನು ಹತ್ತಿದರು.

ಬೋರ್ಡೋ ಮಾಡುವುದನ್ನು ನೋಡಿದರೆ ಸೋಲಿನಿಂದ ಕಲಿಯುವುದು ಎಂದರೆ ಏನೆಂದು ಗೊತ್ತಾಗುತ್ತದೆ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಹಳೆಯದಾಗಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಹಾಗೇ ಹೊಡೆದರೆ ಎಳೆ ಕಾಯಿ ಸುಟ್ಟುಹೋಗುತ್ತದೆ. ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನ ಬಿಟ್ಟು. ಈ ಒಂದೊಂದು ಸಂಗತಿಯ ಹಿಂದೆಯೂ ಎಲ್ಲೋ ಯಾರದೋ ಒಂದು ವರ್ಷದ ಫಸಲು ಹೋಗಿದೆ. ಅವರು ಹೋದದ್ದನ್ನು ಪಕ್ಕದ ಮನೆಗೆ ಹೇಳಿದ್ದಾರೆ. ಹೇಳಿದ್ದರಿಂದ ಅದು ನಮ್ಮವರೆಗೆ ಬಂದಿದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಮಳೆಯಲ್ಲಿ ಜಾರುವ ಐವತ್ತು ಅರವತ್ತು ಅಡಿ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟುತ್ತ ಮದ್ದು ಹೊಡೆಯುವವನು ಕೊನೆಗಾರ. ತೋಟಿಗನಿಗೆ ಹೋದರೆ ಒಂದು ವರ್ಷದ ಫಸಲು. ಕೊನೆಗಾರ ಬಿದ್ದರೆ ಬೆನ್ನುಮೂಳೆ, ಪ್ರಾಣ. ನಮ್ಮ ತೋಟಗಳ ಗೆಲುವಿನ ಲೆಕ್ಕದಲ್ಲಿ ಅವನ ಅಪಾಯವನ್ನು ನಾವು ಬಹಳ ಕಾಲ ಬರೆದುಕೊಳ್ಳಲೇ ಇಲ್ಲ. ಈಚೆಗೆ ನೆಲದ ಮೇಲೆ ನಿಂತೇ ಮದ್ದು ಹೊಡೆಯುವ, ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದನ್ನು ನಾನು ತುಂಬು ಮನಸ್ಸಿನಿಂದ ಮೆಚ್ಚುತ್ತೇನೆ. ಯಾರಾದರೂ "ರಿಸ್ಕ್ ತಗಂಡೆ" ಎಂದಾಗ ನಾನು ಕೇಳುವ ಮೊದಲ ಪ್ರಶ್ನೆ, ಅದು ಯಾರ ಮೈಮೇಲೆ ಎಂಬುದು. ಅಡವಿಟ್ಟದ್ದು ಯಾರ ಬಂಗಾರ, ಮರ ಹತ್ತಿದ್ದು ಯಾರ ಕಾಲು?

ಸೋತು ಕಲಿತ ಕತೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಜೇನಿನದು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಬಂತು. ಮರಿಹುಳು ಕೋಶದೊಳಗೇ ಸತ್ತು, ನೀರು ತುಂಬಿದ ಚೀಲದಂತಾಗುತ್ತಿತ್ತು. ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕೇರಳದಿಂದ ಉತ್ತರಕ್ಕೆ ಬಂದ ಅದು ನಮ್ಮ ಜಿಲ್ಲೆಯನ್ನೂ ಬಿಡಲಿಲ್ಲ. ಅಂಗಳದ ಅಂಚಿನಲ್ಲಿ ಸಾಲಾಗಿದ್ದ ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾದವು. ಜೇನು ಸಾಕುವುದೇ ಮುಗಿಯಿತು ಎಂದರು. ಪೆಟ್ಟಿಗೆ ಒಡೆದು ಒಲೆಗೆ ಹಾಕಿದವರೂ ಉಂಟು.

ಆದರೆ ಎಲ್ಲ ಕುಟುಂಬಗಳೂ ಸಾಯಲಿಲ್ಲ. ಕಾಡಿನ ಮರದ ಪೊಟರೆಯಲ್ಲಿ, ಹುತ್ತದಲ್ಲಿ, ಅಲ್ಲೊಂದು ಇಲ್ಲೊಂದು ರೋಗ ತಡೆದುಕೊಂಡವು ಉಳಿದವು. ಕೆಲವರು ತಾಳ್ಮೆಯಿಂದ ಅಂಥವನ್ನೇ ಹುಡುಕಿ ತಂದು ಪೆಟ್ಟಿಗೆಗೆ ಕೂರಿಸಿದರು, ಬದುಕಿದ್ದನ್ನು ಪಾಲು ಮಾಡಿ ಹೆಚ್ಚಿಸಿದರು. ರೋಗ ಕಂಡ ಕುಟುಂಬದಲ್ಲಿ ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ಇಡದಂತೆ ತಡೆದರೆ, ಹೊಸ ಮರಿಯಿಲ್ಲದ ಆ ಅವಧಿಯಲ್ಲಿ ಸೋಂಕು ಕಡಿಮೆಯಾಗುತ್ತದೆ ಎಂಬುದನ್ನು ಕಲಿತರು. ಒಬ್ಬರ ಪೆಟ್ಟಿಗೆಯ ಎರಿಯನ್ನು ಇನ್ನೊಬ್ಬರದಕ್ಕೆ ಹಾಕುವುದನ್ನು ಬಿಟ್ಟರು. ಇದು ಒಂದು ವರ್ಷದ ಕೆಲಸವಲ್ಲ, ಹತ್ತಾರು ವರ್ಷದ್ದು. ಇವತ್ತು ಶಿರಸಿ ಸುತ್ತಿನ ಮನೆಯಂಗಳಗಳಲ್ಲಿ ಮತ್ತೆ ತುಡುವೆ ಪೆಟ್ಟಿಗೆ ಕಾಣುತ್ತದಲ್ಲ, ಅದರ ಹಿಂದೆ ಇರುವುದು ಹುಂಬ ಧೈರ್ಯಕ್ಕಿಂತ ಗಮನ. ಯಾವುದು ಸತ್ತಿತು ಎಂದು ಅಳುವವರ ನಡುವೆ ಯಾವುದು ಸಾಯಲಿಲ್ಲ, ಏಕೆ ಸಾಯಲಿಲ್ಲ ಎಂದು ಕೇಳಿದ ನಾಲ್ಕು ಜನ ಇದ್ದರು.

ಇನ್ನು ಘಟ್ಟದ ಕೆಳಗೆ ಬರುತ್ತೇನೆ. ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ಕುಮಟಾ ತಾಲ್ಲೂಕಿನ ಹಿನ್ನೀರಿನಲ್ಲಿ ಗಜನಿ ಭೂಮಿ ಇದೆ. ಉಪ್ಪುನೀರು ಬಂದು ಹೋಗುವ ಗದ್ದೆ. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪು ತಡೆಯುತ್ತದೆ, ನೆರೆ ಬಂದು ದಿನಗಟ್ಟಲೆ ಮುಳುಗಿದರೂ ಎದ್ದು ನಿಲ್ಲುತ್ತದೆ. ಗೊಬ್ಬರ, ಕ್ರಿಮಿನಾಶಕದ ಹಂಗಿಲ್ಲ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಒಡ್ಡಿನ ಬಾಗಿಲು ತೆರೆದು ಉಬ್ಬರದ ನೀರು ಬಿಟ್ಟರೆ ಅದರೊಂದಿಗೆ ಬಂದ ಮೀನು, ಸಿಗಡಿ. ಇಳುವರಿ ಕಡಿಮೆಯೇ. ಆದರೆ ಯಾವ ವರ್ಷವೂ ಕೈ ಪೂರ್ತಿ ಬರಿದಾಗುವುದಿಲ್ಲ. ಒಡ್ಡು ಕಟ್ಟುವುದು, ಕಾಯುವುದು ಒಬ್ಬರಿಂದ ಆಗದು, ಊರು ಸೇರಿ ಮಾಡಬೇಕು. ಮಾಣಿಕಟ್ಟಾದಲ್ಲಿ ಈಗಲೂ ರೈತರು ಒಟ್ಟಾಗಿಯೇ ಕಗ್ಗ ಬೆಳೆಯುತ್ತಾರೆ.

1990ರ ದಶಕದಲ್ಲಿ ಸಿಗಡಿಯ ರಫ್ತು ದರ ಕಂಡು ಕರಾವಳಿಯುದ್ದಕ್ಕೂ ಹೊಂಡಗಳೆದ್ದವು. ಟೈಗರ್ ಸಿಗಡಿ, ಹೊರಗಿನ ಮರಿ, ಹೊರಗಿನ ಆಹಾರ, ಗಾಳಿಯಾಡಿಸುವ ಯಂತ್ರ. ಭತ್ತದ ಗಜನಿ ಗೇಣಿಗೆ ಹೋಯಿತು. ಮೊದಲ ಬೆಳೆಗಳಲ್ಲಿ ದುಡ್ಡು ಕಂಡವರಿದ್ದಾರೆ, ಇಲ್ಲವೆನ್ನುವುದಿಲ್ಲ. 1994ರ ಕೊನೆಗೆ ಬಿಳಿ ಚುಕ್ಕೆ ರೋಗ ಭಾರತದ ಕರಾವಳಿಗೆ ಬಂತು. ಇದೂ ವೈರಸ್. ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡ ಕೆಲವೇ ದಿನಗಳಲ್ಲಿ ಹೊಂಡವೆಲ್ಲ ಖಾಲಿ. ಒಬ್ಬರ ಹೊಂಡದ ನೀರು ಹೊಳೆಗೆ, ಹೊಳೆಯ ನೀರು ಇನ್ನೊಬ್ಬರ ಹೊಂಡಕ್ಕೆ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕವಲ್ಲದ ಸಿಗಡಿ ಹೊಂಡ ಕೂಡದು ಎಂದಿತು.

ವಿಜ್ಞಾನ ಇದರಿಂದ ಕಲಿಯಿತು. ಮರಿ ಬಿಡುವ ಮುಂಚೆ ವೈರಸ್ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ, ರೋಗವಿಲ್ಲದ ತಾಯಿ ಸಿಗಡಿಯಿಂದಲೇ ಮರಿ, ನೀರು ಶುದ್ಧ ಮಾಡಿ ಒಳಗೆ ಬಿಡುವುದು ಇವೆಲ್ಲ ಬಂದವು. 2009ರಲ್ಲಿ ವನಾಮಿ ಎಂಬ ಹೊಸ ಜಾತಿಗೆ ಅನುಮತಿ ಸಿಕ್ಕಿತು. ಇವತ್ತು ದೇಶದ ಸಿಗಡಿ ರಫ್ತಿನ ಬಹುಪಾಲು ಅದರದ್ದೇ. ದೇಶದ ಮಟ್ಟದಲ್ಲಿ ನೋಡಿದರೆ ಸೋಲಿನಿಂದ ಗೆಲುವಿಗೆ ಹೋದ ಚೆಂದದ ಕತೆ. ಆದರೆ ನಾನಿರುವ ಊರಿನಿಂದ ನೋಡಿದರೆ, ಸೋತವರು ಬೇರೆ, ಗೆದ್ದವರು ಬೇರೆ. ಗೇಣಿಗೆ ಕೊಟ್ಟವರ ಒಡ್ಡು ಒಡೆದು ಹೋಗಿತ್ತು, ಕಗ್ಗದ ಬೀಜ ಮನೆಯಿಂದ ಖಾಲಿಯಾಗಿತ್ತು, ಒಟ್ಟಾಗಿ ಒಡ್ಡು ಕಟ್ಟುವ ರೂಢಿಯೇ ಬಿಟ್ಟುಹೋಗಿತ್ತು. ಕಗ್ಗ ಉಳಿಸಿಕೊಂಡ ಊರಿನಿಂದ ಬೀಜ ತಂದು ಬಿತ್ತೋಣವೆಂದರೂ ಒಡ್ಡಿಲ್ಲದ ಗಜನಿಯಲ್ಲಿ ಏನು ಬಿತ್ತುವುದು? ಅಪ್ಪಯ್ಯನ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಬಳ್ಳಿಯೂ ಹೋಯಿತು, ತೋಟವೂ ಹೋಯಿತು.

ಕಾರವಾರ, ಅಂಕೋಲಾ ದಂಡೆಯಲ್ಲಿ ರಂಪಣಿ ಎಂಬ ಮೀನಿನ ಬಲೆ ಎಳೆಯುವುದನ್ನು ನೋಡಿದವರಿಗೆ ನಷ್ಟ ಹಂಚಿಕೊಳ್ಳುವುದು ಹೊಸ ವಿಚಾರವಲ್ಲ. ಅಷ್ಟು ದೊಡ್ಡ ಬಲೆ ಒಂದು ಮನೆಯದಾಗಿರುತ್ತಿರಲಿಲ್ಲ. ಹಲವು ಮನೆಗಳ ಪಾಲು, ಎಳೆಯಲು ಇಡೀ ಕೇರಿ. ಬಂಗಡೆಯ ಹಿಂಡು ಸಿಕ್ಕರೆ ಎಲ್ಲರಿಗೂ ಪಾಲು, ಬರೀ ಬಲೆ ಬಂದರೆ ಎಲ್ಲರಿಗೂ ಬರಿಗೈ. ಯಾರೂ ಒಬ್ಬಂಟಿಯಾಗಿ ಮುಳುಗುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಮೀನಿನ ಹಿಂಡಿಗೆ ಸುತ್ತಲೂ ಬಲೆ ಬಿಡುವ ಪರ್ಸೀನ್ ಎಂಬ ಯಂತ್ರದ ಬೋಟು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಯಂತ್ರ ಬಂದದ್ದು ತಪ್ಪೆಂದು ನಾನು ಹೇಳಲಾರೆ. ಡೀಸೆಲ್ಲು, ಸಾಲದ ಕಂತು ಒಬ್ಬನ ತಲೆಮೇಲೆ ಬಂದಾಗ ಸಮುದ್ರಕ್ಕೆ ಹೋಗುವ ಧೈರ್ಯದ ಬಣ್ಣವೇ ಬದಲಾಯಿತು ಎಂಬುದನ್ನಷ್ಟೇ ಹೇಳುತ್ತೇನೆ.

ಇಷ್ಟು ಬರೆದ ಮೇಲೆ, ತೋಟ ಕಾಪಾಡಿಕೊಂಡು ಬದಿಯಲ್ಲಿ ಮಾತ್ರ ಪಂಥ ಕಟ್ಟಬೇಕು ಎಂಬುದೇ ನನ್ನ ಮಾತೆಂದು ಯಾರಾದರೂ ತಿಳಿಯಬಹುದು. ಆದರೆ ಆ ಮಾತನ್ನು ಸುಳ್ಳು ಮಾಡಿದ ಜನ ಈ ಜಿಲ್ಲೆಯಲ್ಲೇ ಇದ್ದರು. 1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲಾ, ಸಿದ್ದಾಪುರ ತಾಲ್ಲೂಕುಗಳ ರೈತರು ಕರನಿರಾಕರಣೆ ಮಾಡಿದರು. ಭೂಕಂದಾಯ ಕೊಡುವುದಿಲ್ಲ ಎಂದರೆ ಏನಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಯಿತೂ ಹೌದು. ಗದ್ದೆ, ತೋಟ ಜಪ್ತಿಯಾದವು, ದನಕರು, ಪಾತ್ರೆ ಪರಡಿ ಹರಾಜಿಗೆ ಹೋದವು, ಗಂಡಸರು ಜೈಲಿಗೆ. ಅವರು ಇಟ್ಟದ್ದು ತೋಟವನ್ನೇ, ಮನೆಯನ್ನೇ.

ಅವರನ್ನು ನಾನು ಲೆಕ್ಕ ತಪ್ಪಿದವರೆನ್ನಲೇ? ಸಾಧ್ಯವಿಲ್ಲ. ಅವರ ಕತೆ ಕೇಳಿ ಬೆಳೆದ ನಮ್ಮ ಸೀಮೆಯ ಯಾರಿಗೂ ಅದು ಸಾಧ್ಯವಿಲ್ಲ. ಆದರೆ ಅವರು ಅದನ್ನು ಒಬ್ಬೊಬ್ಬರಾಗಿ ಮಾಡಲಿಲ್ಲ. ಜಪ್ತಿಯಾದ ಮನೆಯವರಿಗೆ ಬೇರೆಯವರು ಆಶ್ರಯ ಕೊಟ್ಟರು, ಅನ್ನ ಹಾಕಿದರು. ಜಪ್ತಿಯಾದ ಜಮೀನನ್ನು ಹರಾಜಿನಲ್ಲಿ ಕೊಂಡವರ ಮನೆಯೆದುರು ಸಿದ್ದಾಪುರದ ಕಡೆಯ ಹೆಂಗಸರು ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಆ ಹೆಂಗಸರ ನೆನಪಿಗೆ ಸ್ಮಾರಕ ಇದೆ. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ವಾಪಸು ಕೊಡಿಸುವ ವ್ಯವಸ್ಥೆಯಾಯಿತು. ಮರಳುತ್ತದೆ ಎಂಬ ಖಾತ್ರಿ ಮೊದಲು ಯಾರಿಗೂ ಇರಲಿಲ್ಲ. ಬಿದ್ದರೆ ಊರು ಹಿಡಿದುಕೊಳ್ಳುತ್ತದೆ ಎಂಬ ನಂಬಿಕೆಯಿತ್ತು, ಊರು ಹಿಡಿದುಕೊಂಡಿತು. ಧೈರ್ಯವಂತ ಎಂದು ನಾವು ಒಬ್ಬ ಮನುಷ್ಯನನ್ನು ಹೊಗಳುತ್ತೇವೆ. ಅವನ ಹಿಂದೆ ಎಷ್ಟು ಮನೆಗಳ ಅನ್ನ ಇತ್ತು ಎಂದು ಕೇಳುವುದಿಲ್ಲ.

ವೆನಿಲ್ಲಾ ಸೋಲಿನಲ್ಲಿ ಇಲ್ಲವಾದದ್ದು ಇದೇ. ನಷ್ಟವಾದ ಮನೆಯವರು ಬಾಯಿ ಬಿಡಲಿಲ್ಲ. ಮದುವೆ ಮುಂಜಿಗೆ ಬರುವುದು ಕಡಿಮೆ ಮಾಡಿದರು. ಸಾಲ ಎಷ್ಟೆಂದು ಹೆಂಡತಿಗೂ ಹೇಳದವರಿದ್ದರು. ನಾವು ಉಳಿದವರೂ ಹೋಗಿ ಕೇಳಲಿಲ್ಲ; ಕೇಳಿದರೆ ಹಂಗಿಸಿದಂತಾಗುತ್ತದೆ ಎಂದು. ಹಾಗಾಗಿ ಯಾವ ತೋಟದಲ್ಲಿ ಬುಡ ಏಕೆ ಕೊಳೆಯಿತು, ಯಾವಾಗ ಮಾರಿದ್ದರೆ ಉಳಿಯುತ್ತಿತ್ತು, ಮುಂಗಡ ಕೊಟ್ಟ ವ್ಯಾಪಾರಿ ಕೊನೆಗೆ ಹೇಗೆ ನಡೆದುಕೊಂಡ ಎಂಬ ಯಾವುದೂ ಊರಿನ ತಿಳಿವಳಿಕೆ ಆಗಲಿಲ್ಲ. ಅಡಿಕೆಯ ಕೊಳೆ ಬಗ್ಗೆ ಇಷ್ಟು ಬಾಯಿಬಿಡುವ ಜನ ದುಡ್ಡಿನ ಕೊಳೆ ಬಗ್ಗೆ ಮೂಕರಾದರು. ನಾಚಿಕೆಯ ಬೆಲೆ ದೊಡ್ಡದು. ಬಡ್ಡಿಗಿಂತ ದೊಡ್ಡದು ಎಂದೇ ನಾನು ಹೇಳುತ್ತೇನೆ.

ಈಗ ಅಣ್ಣನ ಮಗ ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದಿದ್ದಾನೆ. ಮನೆಯಲ್ಲಿ ದಿನಾ ಚರ್ಚೆ. ಅಪ್ಪಯ್ಯನದು ಹಳೆಯ ನ್ಯಾಯ, ಅಡಿಕೆ ಇದ್ದರೆ ಎಲ್ಲ ಇದೆ. ಆದರೆ ಕಳೆದ ಕೆಲವು ವರ್ಷಗಳಿಂದ ಮಲೆನಾಡಿನ ತೋಟಗಳಿಗೆ ಎಲೆಚುಕ್ಕೆ ರೋಗ ಹಬ್ಬಿದೆ. ಶಿಲೀಂಧ್ರ ಸೋಗೆಯನ್ನೇ ಒಣಗಿಸುತ್ತದೆ, ಮರ ಸೊರಗುತ್ತದೆ. ಕೊಳೆರೋಗ ಒಂದು ವರ್ಷದ ಫಸಲು ಒಯ್ದರೆ ಇದು ತೋಟದ ಕಸುವನ್ನೇ ಒಯ್ಯುತ್ತದೆ. ಬೆಲೆ ಚೆನ್ನಾಗಿದೆ ಎಂದು ಬಯಲುಸೀಮೆಯಲ್ಲೂ ಗದ್ದೆ ಮುಚ್ಚಿ ಅಡಿಕೆ ಹಾಕುತ್ತಿದ್ದಾರೆ. ಹುಡುಗ ಹೇಳಿದ: "ಅತ್ತೆ, ಅಜ್ಜ ಎಂತಾ ಮಾಡದೇ ಇಪ್ಪದೇ ಕ್ಷೇಮ ಹೇಳ್ತಾ. ಈಗ ಎಂತಾ ಮಾಡದೇ ಇಪ್ಪದೇ ದೊಡ್ಡ ರಿಸ್ಕು." ನನಗೆ ಉತ್ತರ ಹೊಳೆಯಲಿಲ್ಲ, ಅವನ ಮಾತು ನಿಜವಾಗಿತ್ತು. ತೋಟ ಹೋಗಿಲ್ಲ ಎಂಬ ಸಮಾಧಾನ ಅಪ್ಪಯ್ಯನ ಕಾಲದ್ದು. ತೋಟವೇ ಅಲುಗುವ ಕಾಲ ಈ ಹುಡುಗನದ್ದು.

ಅವನು ಒಬ್ಬನೇ ಹಾರಲಿಲ್ಲ ಎಂಬುದು ನನಗೆ ಸಂತೋಷ. ಸುತ್ತಿನ ಐದಾರು ಮನೆಯವರನ್ನು ಸೇರಿಸಿದ್ದಾನೆ. ಒಂದು ಮನೆಯಲ್ಲಿ ಅಡಿಕೆ ನಡುವೆ ಕಾಫಿ, ಇನ್ನೊಂದರಲ್ಲಿ ಜಾಯಿಕಾಯಿ, ಮತ್ತೊಂದರಲ್ಲಿ ಕಾಳುಮೆಣಸಿನ ಬೇರೆ ಬೇರೆ ತಳಿ, ಒಬ್ಬರು ಜೇನು. ಎಲ್ಲರೂ ಒಂದನ್ನೇ ಹಾಕಿ ಒಟ್ಟಿಗೆ ಬೀಳುವುದು ಬೇಡ ಎಂಬ ಎಚ್ಚರ. ಎಷ್ಟು ಹೋದರೆ ನಿಲ್ಲಿಸುವುದು ಎಂಬ ಮೊತ್ತವನ್ನು ಪ್ರತಿ ಮನೆಯವರೂ ಗಿಡ ನೆಡುವ ಮುಂಚೆಯೇ ಬರೆದಿಟ್ಟಿದ್ದಾರೆ, ಮನೆಯ ಹೆಂಗಸರ ಎದುರಿಗೇ. ಆ ಷರತ್ತು ನನ್ನದು. ಖರ್ಚು, ಸತ್ತ ಗಿಡ, ಬಂದ ದರ ಎಲ್ಲವನ್ನೂ ವಾಟ್ಸಾಪ್ ಗುಂಪಿಗೆ ಹಾಕಬೇಕು ಎಂದು ಮಾತಾಗಿದೆ.

ಗಿಡದ ಫೋಟೋಗಳು ಬರುತ್ತಿವೆ. ಹೂವು ಬಿಟ್ಟದ್ದು, ಚಿಗುರಿದ್ದು ಎಲ್ಲ ಬರುತ್ತದೆ. ಸತ್ತದ್ದರ ಲೆಕ್ಕ ಹಾಕಲು ಇಬ್ಬರು ಇನ್ನೂ ಹಿಂಜರಿಯುತ್ತಿದ್ದಾರೆ. ದೀಪಾವಳಿಗೆ ಊರಿಗೆ ಹೋದಾಗ ಆ ಎರಡೂ ಮನೆಗೆ ಹೋಗಿ ಕೂತು ಮಾತಾಡಿ ಬರುವುದೆಂದು ತೀರ್ಮಾನಿಸಿದ್ದೇನೆ. ಅರ್ಧ ತೋಟ ಮಾರಿದ ಆ ಹಿರಿಯರನ್ನೂ ಗುಂಪಿಗೆ ಸೇರಿಸಿ ಎಂದು ಹುಡುಗನಿಗೆ ಹೇಳಿದ್ದೆ. ಅವನು ಹೋಗಿ ಕೇಳಿದ್ದಾನೆ. ಅವರು ಒಪ್ಪಿದ್ದಾರಂತೆ.